8 ಹಳೇ ಕಂಪ್ಯೂಟರ್, 46 ಮಕ್ಕಳು, ವಾರಕ್ಕ 2 ಪಿರಿಯಡ್: 9ನೇ ತರಗತಿಗೆ ಏನು, ಹೆಂಗ ಕಲಿಸೂದು?

ಇಂಡಿ ಲಿಂಬಿ

ಎಲ್ಲಾರಿಗೂ ನಮಸ್ಕಾರ. ಇಂಡಿ ತಾಲೂಕಿನ ಹಳ್ಳಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ಲ್ಯಾಬಿನ್ಯಾಗ 8 ಡೆಸ್ಕ್‌ಟಾಪ್ ಅದಾವ, ಎಲ್ಲಾ ಒಂದೇ ಮಾದರಿ: ಡ್ಯುಯಲ್ ಕೋರ್ ಪ್ರೊಸೆಸರ್, 2 ಜಿಬಿ ಡಿಡಿಆರ್3 ರ್‍ಯಾಮ್, 320 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಆರು ಚಾಲೂ ಆಗ್ತಾವ, ಆದ್ರ ಪರದೆ ಪೂರ್ತಿ ಬರಾಕ 4-5 ನಿಮಿಷ. ಎರಡು ಬರೇ ಉದ್ದ ಬೀಪ್ ಹೊಡೀತಾವ, ಪರದೆ ಕಪ್ಪು. ಫೋನ್ ಹಾಟ್‌ಸ್ಪಾಟ್ ಹಚ್ಚಿ ಬ್ರೌಸರ್ ತೆಗೆದ್ರ ಯಾವ ಜಾಲತಾಣಕ್ಕ ಹೋದ್ರೂ "ಸಂಪರ್ಕ ಸುರಕ್ಷಿತವಲ್ಲ" ಅಂತ ಬರ್ತೈತಿ. ಬ್ಯಾರೆ ಇಂಟರ್ನೆಟ್ ಇಲ್ಲ. ಮಧ್ಯಾಹ್ನ ಕರೆಂಟಿನ ಭರವಸೆ ಇಲ್ಲ.

ಕ್ಲಾಸಿನ್ಯಾಗ 46 ಮಕ್ಕಳು, ವಾರಕ್ಕ 40 ನಿಮಿಷದ 2 ಪಿರಿಯಡ್. ಎಸ್‌ಡಿಎಂಸಿಯವರು (ಶಾಲಾ ಉಸ್ತುವಾರಿ ಸಮಿತಿ) ಊರಾಗ ಕೂಡಿಸಿ 20,000 ರೂಪಾಯಿ ಕೊಡ್ತೀವಿ ಅಂದಾರ.

ಕೇಳೂದು ಇಷ್ಟ: ಆ ರೊಕ್ಕ ಯಾವುದಕ್ಕ ಹಾಕಬೇಕು? ವಿಂಡೋಸೋ ಲಿನಕ್ಸೋ? ಕನ್ನಡ ಟೈಪಿಂಗ್ ಯಾವ ಕೀಲಿಮಣೆಯಿಂದ ಶುರು ಮಾಡಬೇಕು? ಪೇಂಟ್‌ನಾಗ ಮನಿ-ಗುಡ್ಡ-ಸೂರ್ಯ ತೆಗಿಸೂದು ಬಿಟ್ಟು, ಮಕ್ಕಳಿಗೆ ಮುಂದ ಉಪಯೋಗ ಬೀಳೂವಂಥಾದ್ದು ಏನು ಮಾಡಿಸಬಹುದು?


ಬಾಗೇವಾಡಿ ಬಸ್

ಡಬ್ಬಿ ಎಲ್ಲಾ ಗುಜರಿಗೆ ಹಾಕ್ರಿ ಸರ. 20 ಸಾವಿರಕ್ಕ 2 ಟ್ಯಾಬ್ ಬರ್ತಾವ, ಕೆಲಸ ಮುಗೀತು.


ಖಡೇಬಜಾರ್ ರಿಪೇರಿ

2 ಟ್ಯಾಬಿನ ಮುಂದ 46 ಮಂದಿ ಕುಂತ್ರ ಒಬ್ಬ ಮಾಡ್ತಾನ, 22 ಮಂದಿ ನೋಡ್ತಾರ. ಅದೂ ಅಲ್ದ ಸ್ಟಾಕ್ ರಿಜಿಸ್ಟರ್‌ನಾಗ ಏರಿದ ಸರಕಾರಿ ಸಾಮಾನು ಮನಸ್ಸಿಗೆ ಬಂದಂಗ ಗುಜರಿಗೆ ಹಾಕಾಕ ಬರೂದಿಲ್ಲ.

ಇಂಡಿಯವರ, ರೊಕ್ಕ ಬಿಚ್ಚೂಕಿಂತ ಮುಂಚೆ ಒಂದು ಆಯಿತವಾರ ಸ್ಕ್ರೂಡ್ರೈವರ್ ಹಿಡದು ಕೂಡ್ರಿ. ಅರ್ಧ ರೋಗ ಅಲ್ಲೇ ಹೋಗ್ತಾವ.

ಬೀಪ್ ಹೊಡಿಯೂ ಎರಡು ಮೊದಲ ತಗೊಳ್ರಿ. ಉದ್ದ ಬೀಪ್ ಮ್ಯಾಲಿಂದ ಮ್ಯಾಲ ಬಂತಂದ್ರ ಬಹುತೇಕ ರ್‍ಯಾಮ್ ಸರಿಯಾಗಿ ಕೂತಿಲ್ಲ. ಪವರ್ ಕೇಬಲ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡೀರಿ, ಒಳಗ ಉಳಿದ ಚಾರ್ಜ್ ಇಳೀತೈತಿ. ರ್‍ಯಾಮ್ ಪಟ್ಟಿ ತೆಗೆದು ಬಂಗಾರ ಬಣ್ಣದ ಅಂಚಿಗೆ ಪೆನ್ಸಿಲ್ ರಬ್ಬರ್ ಹಗೂರಕ ತಿಕ್ಕಿ, ರಬ್ಬರಿನ ಪುಡಿ ಪೂರಾ ಜಾಡಿಸಿ, ಕ್ಲಿಪ್ ಟಕ್ ಅನ್ನೂ ತನಕ ಒತ್ರಿ. ಆದ್ರೂ ಬೀಪ್ ನಿಲ್ಲದಿದ್ರ ಚಾಲೂ ಇದ್ದ ಮಷಿನಿನ ರ್‍ಯಾಮ್ ಇದಕ್ಕ ಹಾಕಿ ನೋಡ್ರಿ. ಚಾಲೂ ಆತಂದ್ರ ಪಟ್ಟಿ ಕೆಟ್ಟೈತಿ, ಆಗಲಿಲ್ಲಂದ್ರ ಬೋರ್ಡ್.

ಧೂಳು: ನಮ್ಮ ಎರಿ ಮಣ್ಣಿನ ಧೂಳು ಹಿಟ್ಟಿನಂಗ ಸಣ್ಣ, ಪ್ರೊಸೆಸರ್ ಮ್ಯಾಲಿನ ಹೀಟ್‌ಸಿಂಕ್ ಸಂದಿಯೊಳಗ ಗಟ್ಟಿಯಾಗಿ ಕೂಡ್ತೈತಿ. ಬ್ಲೋವರ್ ಹೊಡಿಯೂವಾಗ ಫ್ಯಾನಿನ ರೆಕ್ಕೆ ಬೆರಳಿನಿಂದ ಹಿಡೀರಿ. ಬಿಟ್ರ ಅದು ಗಿರಗಟ್ಟಿ ಹಂಗ ತಿರುಗಿ ಬೇರಿಂಗ್ ಹಾಳಾಗ್ತೈತಿ. ಹೀಟ್‌ಸಿಂಕ್ ಬಿಚ್ಚಿದ್ರ ಹಳೇ ಪೇಸ್ಟ್ ಒರೆಸಿ ಜ್ವಾಳದ ಕಾಳಿನಷ್ಟು ಹೊಸಾದು ನಡುವ ಹಚ್ರಿ, ಬೆಣ್ಣಿ ಹಚ್ಚಿದಂಗ ಬಳಿಯೂದು ಬ್ಯಾಡ. ಬೋರ್ಡಿನ ಮ್ಯಾಲ ಕೆಪಾಸಿಟರ್ ತಲಿ ಉಬ್ಬಿತ್ತಂದ್ರ ಆ ಮಷಿನಿಗೆ ರೊಕ್ಕ ಹಾಕಬ್ಯಾಡ್ರಿ, ಬಿಡಿಭಾಗಕ್ಕ ಇಟ್ಕೊಳ್ರಿ.

"ಸುರಕ್ಷಿತವಲ್ಲ" ಅನ್ನೂದಕ್ಕ ಮೊದಲ ಗಡಿಯಾರ ನೋಡ್ರಿ. ಬೋರ್ಡಿನ ಮ್ಯಾಲ ಸಿಆರ್2032 ಅಂತ 3 ವೋಲ್ಟಿನ ನಾಣ್ಯದಂಥಾ ಸೆಲ್ ಇರ್ತೈತಿ. ಅದು ಸತ್ರ ಕರೆಂಟ್ ತೆಗೆದಾಗೊಮ್ಮೆ ತಾರೀಖು ಹತ್ತು-ಹದಿನೈದು ವರ್ಷ ಹಿಂದಕ್ಕ ಹೋಗ್ತೈತಿ. ಜಾಲತಾಣದ ಸರ್ಟಿಫಿಕೇಟಿಗೆ "ಈ ದಿನದಿಂದ ಈ ದಿನದ ತನಕ" ಅಂತ ಅವಧಿ ಇರೂದ್ರಿಂದ, ಬ್ರೌಸರ್ ಹಳೇ ತಾರೀಖು ನೋಡಿ ಒಪ್ಪೂದಿಲ್ಲ. 8ಕ್ಕೂ ಸೆಲ್ ಹಾಕ್ರಿ, ಅಗ್ಗದ ಕೆಲಸ.

ಇನ್ನು ರೊಕ್ಕ. ಮೊದಲ ಎಸ್‌ಎಸ್‌ಡಿ (ಹಳೇ ಡಿಸ್ಕಿನ ಬದ್ಲಿ ಹಾಕೂ ವೇಗದ ಡಿಸ್ಕ್), ಆಮ್ಯಾಲ ರ್‍ಯಾಮ್. 120 ಅಥವಾ 128 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು. ನಿಮಗ ಆ 4-5 ನಿಮಿಷ ತಿನ್ನಾಕತ್ತಿದ್ದು ಹಳೇ ಡಿಸ್ಕ್, ಪ್ರೊಸೆಸರ್ ಅಲ್ಲ. ರ್‍ಯಾಮ್ ಒಟ್ಟು 4 ಜಿಬಿ ಆಗುವಂಗ ಡೆಸ್ಕ್‌ಟಾಪಿನ ಡಿಡಿಆರ್3 ಪಟ್ಟಿ ಕೇಳ್ರಿ. ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿ ಕೂಡೂದಿಲ್ಲ, ಡಿಡಿಆರ್4ರ ಕಚ್ಚು ಬ್ಯಾರೆ ಕಡೆ ಇರ್ತೈತಿ. ದರ ನಾ ಹೇಳೂದಿಲ್ಲ, ರ್‍ಯಾಮ್-ಎಸ್‌ಎಸ್‌ಡಿ ರೇಟು ತಿಂಗಳಿಗೊಮ್ಮೆ ಕುಣೀತಾವ. ಮೂರು ಅಂಗಡಿಯ ಕೊಟೇಶನ್ ತಗೊಳ್ರಿ. 8ಕ್ಕೂ ಎರಡೂ ಮುಟ್ಟದಿದ್ರ ಎಲ್ಲಾಕ್ಕೂ ಎಸ್‌ಎಸ್‌ಡಿ ಹಾಕಿ, ರ್‍ಯಾಮ್ 4 ಮಷಿನಿಗೆ ಹಾಕ್ರಿ.

ವಿಂಡೋಸ್ 7ಕ್ಕ 2020ರ ಜನವರಿ 14ಕ್ಕ ಬೆಂಬಲ ನಿಂತೈತಿ. ಅದರ ಮ್ಯಾಲ ನಡಿಯೂ ಕಡೀ ಕ್ರೋಮ್ 109. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕ ನಿಂತು ಹೋತು. 11 ಇಂಥಾ ಬೋರ್ಡಿಗೆ ಕೂಡೂದಿಲ್ಲ, ಟಿಪಿಎಂ 2.0 ಅನ್ನೂ ಸುರಕ್ಷತಾ ಚಿಪ್ ಕೇಳ್ತೈತಿ. ಹಿಂಗಾಗಿ ಪುಕ್ಕಟೆ ಸಿಗೂ ಲಿನಕ್ಸ್ ಮಿಂಟ್, ಅದರ ಹಗೂರ ಎಕ್ಸ್‌ಎಫ್‌ಸಿಇ ಆವೃತ್ತಿ. ಹಾಕೂಕಿಂತ ಮೊದಲ ಬಯೋಸ್ (ಮಷಿನ್ ಚಾಲೂ ಆಗೂವಾಗ ಬರೂ ಸೆಟ್ಟಿಂಗ್) ಒಳಗ ಸಾಟಾ ಮೋಡ್ ಐಡಿಇ ಇದ್ರ ಎಎಚ್‌ಸಿಐ ಮಾಡ್ರಿ, ಇಲ್ಲಂದ್ರ ಎಸ್‌ಎಸ್‌ಡಿಯ ವೇಗ ಪೂರಾ ಸಿಗೂದಿಲ್ಲ.

8 ಸಲ ಇನ್‌ಸ್ಟಾಲ್ ಮಾಡೂ ತ್ರಾಸು ಬ್ಯಾಡ. ಒಂದನ್ನ ಪೂರ್ತಿ ಸಜ್ಜು ಮಾಡ್ರಿ, ಕ್ಲೋನ್‌ಜಿಲ್ಲಾದಿಂದ ಅದರ ಇಮೇಜ್ (ಡಿಸ್ಕಿನ ಪೂರ್ತಿ ನಕಲು) 32 ಜಿಬಿ ಪೆನ್‌ಡ್ರೈವಿಗೆ ತಗೊಂಡು ಉಳಿದ 7ಕ್ಕ ಇಳಿಸ್ರಿ. ಎರಡು ಜಾಗಾದಾಗ ಎಡವ್ತಾರ. ಇಳಿಸೂ ಡಿಸ್ಕ್ ಮೂಲದಕಿಂತ ಒಂಚೂರು ಸಣ್ಣದಿದ್ರೂ ಆಗೂದಿಲ್ಲ: 128ರಲ್ಲಿ ತಗೊಂಡು 120ಕ್ಕ ಇಳಿಸಾಕ ಬರೂದಿಲ್ಲ. ಮತ್ತ ಇಳಿಸಿದ ಮ್ಯಾಲ ಪ್ರತಿ ಮಷಿನಿನ ಹೋಸ್ಟ್‌ನೇಮ್ ಬದಲಾಯಿಸ್ರಿ, ಎಂಟಕ್ಕೂ ಒಂದೇ ಹೆಸರಿದ್ರ ನೆಟ್‌ವರ್ಕಿನ್ಯಾಗ ಯಾವುದು ಯಾವುದಂತ ತಿಳಿಯೂದಿಲ್ಲ.

ಇಂಟರ್ನೆಟ್ ಇಲ್ಲದಿದ್ರೂ ನೆಟ್‌ವರ್ಕ್ ಮಾಡ್ರಿ. ಮನಿಯಾಗ ಬಿದ್ದ ಹಳೇ ವೈಫೈ ರೂಟರ್ ಮತ್ತ 8 ಪೋರ್ಟಿನ ಸ್ವಿಚ್. ಸ್ವಿಚ್ಚಿನ ಒಂದು ಪೋರ್ಟ್ ರೂಟರಿಗೆ ಹೋದ್ರ 7 ಉಳೀತಾವ, ಎಂಟನೇ ಮಷಿನ್ ನೇರ ರೂಟರಿಗೆ ಹಚ್ರಿ. ಶಿಕ್ಷಕರ ಮಷಿನಿನ್ಯಾಗ ಕಿವಿಕ್ಸ್ ಹಾಕಿ ಕನ್ನಡ ವಿಕಿಪೀಡಿಯ ಒಮ್ಮೆ ಇಳಿಸಿಟ್ರ ಎಲ್ಲಾ ಮಷಿನ್ ಬ್ರೌಸರಿನಿಂದ ಅದನ್ನ ಓದ್ತಾವ.

ಅರ್ಥಿಂಗ್ ಮರೀಬ್ಯಾಡ್ರಿ. ಮಲ್ಟಿಮೀಟರ್ ಇಟ್ರ ನ್ಯೂಟ್ರಲ್-ಅರ್ಥ್ ನಡುವ 2-3 ವೋಲ್ಟಿಗಿಂತ ಹೆಚ್ಚಿರಬಾರದು. ಬ್ಯಾಸಿಗ್ಯಾಗ ನಿಮ್ಮ ಕಡೆ ಅರ್ಥಿಂಗ್ ಗುಂಡಿ ಒಣಗಿ ಹೋಗ್ತೈತಿ. ಕ್ಯಾಬಿನೆಟ್ ಮುಟ್ಟಿದ್ರ ಚುರ್ ಅಂದ್ರ ಮಕ್ಕಳನ್ನ ಹತ್ತಿರ ಬಿಡೂದ ಬ್ಯಾಡ. ಗುಂಡಿಗೆ ನೀರು ಹಾಕಿ ಮತ್ತ ಅಳತಿ ಮಾಡ್ರಿ, ಇಳೀದಿದ್ರ ವೈರಮನ್ ಕರೀರಿ.

ಇನ್ವರ್ಟರ್ ಈ ರೊಕ್ಕದಾಗ ಆಗೂದಿಲ್ಲ. ಒಂದೊಂದಕ್ಕ ಮಾನಿಟರ್ ಸಮೇತ ಸುಮಾರು 80 ವ್ಯಾಟ್ ಹಿಡಿದ್ರ 640 ವ್ಯಾಟ್. 12 ವೋಲ್ಟ್ 150 ಎಎಚ್ ಬ್ಯಾಟರಿ ಕಾಗದದ ಮ್ಯಾಲ 1,800 ವ್ಯಾಟ್-ಅವರ್, ಅಷ್ಟು ಜೋರ ಎಳೆದ್ರ ಸುಮಾರು ಒಂದು ತಾಸು ಅಂತ ಹಿಡೀರಿ. ಮುಂದ ಯಾರರ ಕೊಡಿಸಿದ್ರ ಹಿಂದಿನ ಸ್ವಿಚ್ "ಯುಪಿಎಸ್" ಕಡೆ ಇಡ್ರಿ, ಇಲ್ಲಂದ್ರ ಕರೆಂಟ್ ಹೋದಾಗ ಅದು ತಡಾ ಮಾಡಿ ಬದಲಾಗಿ ಮಷಿನ್ ರೀಸ್ಟಾರ್ಟ್ ಆಗ್ತಾವ. ಲೇಸರ್ ಪ್ರಿಂಟರ್ ಅದಕ್ಕ ಹಚ್ಚಲೇಬ್ಯಾಡ್ರಿ. ಈಗ ಸದ್ಯಕ್ಕ ಪಿರಿಯಡ್ ಮುಂಜಾನಿಗೆ ಹಾಕಿಸಿಕೊಳ್ರಿ. ಲಿಬ್ರೆಆಫೀಸ್ ಅನ್ನೂ ಬರವಣಿಗೆ-ಲೆಕ್ಕದ ತಂತ್ರಾಂಶದ ಆಟೋ ರಿಕವರಿ (ತಾನಾಗಿ ಉಳಿಸೂದು) 10 ನಿಮಿಷಕ್ಕ ಇರ್ತೈತಿ, 2ಕ್ಕ ಇಳಿಸ್ರಿ.


ಮುಧೋಳ ಲೆಕ್ಕ

ಯಂತ್ರದ ಮಾತು ಅವರು ಪೂರ್ತಿ ಹೇಳ್ಯಾರ. ನಾನು ಕ್ಲಾಸಿನ ಲೆಕ್ಕ ಹೇಳ್ತೀನಿ.

46ನ್ನ 23-23 ಎರಡು ತಂಡ ಮಾಡ್ರಿ. ಪಿರಿಯಡ್ಡಿಗೆ ಒಂದು ತಂಡ ಯಂತ್ರದ ಮುಂದ, ಇನ್ನೊಂದು ಅದೇ ಕೋಣ್ಯಾಗ ಹಾಳಿ ಮ್ಯಾಲ. ಮುಂದಿನ ಪಿರಿಯಡ್ಡಿಗೆ ಅದಲುಬದಲು. 7 ಯಂತ್ರಕ್ಕ ಮೂವರು, ಎಂಟನೇದಕ್ಕ ಇಬ್ಬರು. ಕೂಡಾಕ 5, ಬಂದ್ ಮಾಡಾಕ 5 ನಿಮಿಷ ಹೋಗಿ 30 ಉಳೀತಾವ, ಅಂದ್ರ ಒಬ್ಬೊಬ್ಬರಿಗೆ 10. ಒಬ್ಬ ಕೀಲಿಮಣೆ ಹಿಡೀತಾನ, ಒಬ್ಬ ಹಾಳಿ ಓದಿ ಹೇಳ್ತಾನ, ಒಬ್ಬ ಬಂದ ಉತ್ತರ ಬರಕೊಳ್ತಾನ. 10 ನಿಮಿಷಕ್ಕ ಗಂಟಿ ಬಾರಿಸ್ರಿ, ಇಲ್ಲಂದ್ರ ಚುರುಕಿದ್ದಾವ ಮೌಸ್ ಬಿಡೂದಿಲ್ಲ. ಮೌಸ್ ಹಿಡಿಯೂ ಮೊದಲ ಪಾಳಿ ಪ್ರತಿ ವಾರ ಬ್ಯಾರೆಯವರದ್ದು, ಹುಡುಗ್ಯಾರ ಪಾಳಿ ತಪ್ಪದಂಗ ಪಟ್ಟಿ ಬರೆದು ಗ್ವಾಡಿಗೆ ಹಚ್ರಿ.

ಸ್ಪ್ರೆಡ್‌ಶೀಟ್ ಕಲಿಸಾಕ ಕಬ್ಬಿನ ಬಿಲ್ಲಿಗಿಂತ ಚೊಲೋ ಪಾಠ ನನಗ ಗೊತ್ತಿಲ್ಲ. ನಮ್ಮ ವಿಜಯಪುರ, ಬೆಳಗಾವಿ, ಬಾಗಲಕೋಟೆ ಮೂರೂ ಜಿಲ್ಲಾದಾಗ ಕಬ್ಬಿನ ಸುದ್ದಿ ಗೊತ್ತಿಲ್ಲದ ಮಕ್ಕಳು ಸಿಗೂದು ಕಮ್ಮಿ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಗೊತ್ತು ಮಾಡಿದ ಕಬ್ಬಿನ ಕನಿಷ್ಠ ದರ, ಅಂದ್ರ ಎಫ್‌ಆರ್‌ಪಿ ಹಿಂಗೈತಿ: 10.25 ಪ್ರತಿಶತ ಇಳುವರಿಗೆ (ಕಬ್ಬಿನಿಂದ ಸಿಗೂ ಸಕ್ಕರಿ) ಕ್ವಿಂಟಲ್‌ಗೆ 355 ರೂಪಾಯಿ. ಅದಕ್ಕಿಂತ ಮ್ಯಾಲ ಪ್ರತಿ 0.1ಕ್ಕ 3.46 ಹೆಚ್ಚು, ಕೆಳಗ ಹೋದ್ರ ಅಷ್ಟೇ ಕಮ್ಮಿ. 9.5ಕ್ಕಿಂತ ಕೆಳಗ ಎಷ್ಟು ಇಳಿದ್ರೂ 329.05 ತಪ್ಪೂದಿಲ್ಲ.

ಮೊದಲ ಪಿರಿಯಡ್ ಪೂರಾ ಹಾಳಿ ಮ್ಯಾಲ. ಮೂರು ಇಳುವರಿ ಕೊಟ್ಟು ಕೈಲೆ ಮಾಡಸ್ರಿ: 11.2ಕ್ಕ 387.87, 10.25ಕ್ಕ 355, 9.2ಕ್ಕ 329.05. ಈ ಮೂರು ಉತ್ತರ ಮಕ್ಕಳ ಪಟ್ಯಾಗ ಇರಲಿಕ್ಕೇ ಬೇಕು, ಯಾಕಂದ್ರ ಮುಂದ ಯಂತ್ರ ತಪ್ಪು ಹೇಳಿದಾಗ ಹಿಡಿಯೂದು ಇವರಿಂದನ.

ಎರಡನೇ ಪಿರಿಯಡ್ ಯಂತ್ರದ ಮ್ಯಾಲ. ಎ ಕಾಲಮ್‌ನಾಗ ರೈತನ ನಂಬರ್, ಬಿಯಾಗ ಇಳುವರಿ, ಸಿಯಾಗ ಟನ್, ಡಿಯಾಗ ಕ್ವಿಂಟಲ್ ದರ. ಡಿ2 ಸೂತ್ರ: =355+(ಮ್ಯಾಕ್ಸ್(ಬಿ2,9.5)-10.25)*34.6. ಯಂತ್ರದಾಗ ಅಕ್ಷರ ಇಂಗ್ಲಿಷಿನ್ಯಾಗ ಒತ್ತಬೇಕು. 0.1ಕ್ಕ 3.46 ಅಂದ್ರ 1ಕ್ಕ 34.6, ಇದನ್ನ ಮಕ್ಕಳ ಬಾಯಿಂದ ಹೇಳಸ್ರಿ. ಇ ಕಾಲಮ್ ಒಟ್ಟು ರೊಕ್ಕ: ದರ ಗುಣಿಸು ಟನ್ ಗುಣಿಸು 10. 10 ಮರೆತು ಟನ್ನಿಗೆ 355 ಕೊಟ್ಟ ಕಾರ್ಖಾನಿ ಪ್ರತಿ ತಂಡದಾಗೂ ಒಂದಿರ್ತೈತಿ. ಎಫ್‌ಆರ್‌ಪಿ ಕಾರ್ಖಾನಿ ಗೇಟಿನ ದರ, ಹಿಂಗಾಗಿ ಕಟಾವು-ಸಾಗಣೆ ಕಳಿಯೂ ಕಾಲಮ್ ಇನ್ನೊಂದು. ಖರೇ ಬಿಲ್ ತಂದ್ರ ಹೆಸರು, ಖಾತೆ ನಂಬರ್ ಮಸಿಲೆ ಅಳಿಸಿ ಆಮ್ಯಾಲ ಝೆರಾಕ್ಸ್ ಮಾಡ್ರಿ.

ಈಗ ಮೋಜಿನ ಭಾಗ. ಕೆಲವರು ಬಿ2ರಾಗ 11.2 ಬರಿಯೂ ಬದ್ಲಿ 11.2% ಅಂತ ಪ್ರತಿಶತ ಚಿಹ್ನೆ ಸಮೇತ ಹೊಡೀತಾರ. ಯಂತ್ರ ಅದನ್ನ 0.112 ಅಂತ ಇಟ್ಕೊಳ್ತೈತಿ. 9.5ಕ್ಕಿಂತ ಸಣ್ಣದಲ್ಲ? ದರ 329.05 ಬರ್ತೈತಿ. ತಪ್ಪಿನ ಸಂದೇಶಿಲ್ಲ, ಕೆಂಪು ಗುರುತಿಲ್ಲ, ನೋಡಾಕ ಭಾಳ ಸರಿ ಇದ್ದಂಗ ಕಾಣ್ತೈತಿ. ಅಂಕಿ ಅಕ್ಷರ ಆಗಿ ಕೂತ್ರೂ ಹಿಂಗ, ಮ್ಯಾಕ್ಸ್ ಅದನ್ನ ಲೆಕ್ಕಕ್ಕ ಹಿಡಿಯೂದಿಲ್ಲ, ಮತ್ತ 329.05. ಗುರುತು ಹಿಡಿಯೂದು ಹೆಂಗಂದ್ರ ಅಂಕಿ ಬಲಕ್ಕ ಅಂಟ್ತಾವ, ಅಕ್ಷರ ಎಡಕ್ಕ ಅಂಟ್ತಾವ. ಈ ತಪ್ಪನ್ನ ಮೊದಲ ಹೇಳಬ್ಯಾಡ್ರಿ. ಕೈಲೆ ಬಂದ 387.87ಕ್ಕೂ ಪರದೆ ಮ್ಯಾಲಿನ 329.05ಕ್ಕೂ ಯಾಕ ಕೂಡೂದಿಲ್ಲ ಅಂತ ಅವರ ಹುಡುಕಲಿ. ಒಂದು ಪಿರಿಯಡ್ ಇದಕ್ಕ ಹೋದ್ರ ಹೋಗ್ಲಿ.

ನಿಮ್ಮ ಕಡೆ ದ್ರಾಕ್ಷಿ ಐತಿ, ಬೇಕಾದ್ರ ಎರಡನೇ ಪಾಠ ಒಣದ್ರಾಕ್ಷಿದು: ಸುಮಾರು 4 ಕಿಲೋ ಹಸಿದು 1 ಕಿಲೋ ಒಣದು ಆಗ್ತೈತಿ, ಯಾವ ದರಕ್ಕ ಒಣಗಿಸಿದ್ರ ಲಾಭ ಅನ್ನೂದು.


ಇಳಕಲ್ ಅಕ್ಕೋರು

ಮುಧೋಳದ ಸರ್ ಹೇಳಿದ ಎರಡು ತಂಡದ ವಿಧಾನದಲ್ಲಿ, ಹಾಳೆಯ ಮೇಲೆ ಕೂತ 23 ಮಕ್ಕಳಿಗೆ ಯಂತ್ರಕ್ಕೆ ಸಂಬಂಧವಿಲ್ಲದ ಪ್ರಶ್ನೋತ್ತರ ಬರೆಸಿದರೆ ಗದ್ದಲ ಖಂಡಿತ. ಅವರಿಗೆ ಕಸೂತಿ ಕೊಡಿ. ಗವಂತಿ ಹೊಲಿಗೆ ಅಂದರೆ ಪೂರ್ತಿ ಪ್ರೋಗ್ರಾಮಿಂಗ್ ಪಾಠ. ಹೋಗುವಾಗ ಒಂದು ಮನೆ ಎಳೆ, ಒಂದು ಮನೆ ಬಿಡು. ಮರಳಿ ಬರುವಾಗ ಬಿಟ್ಟದ್ದನ್ನು ತುಂಬು. ಅದಕ್ಕೇ ಸೀರೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ. ಗ್ರಾಫ್ ಹಾಳೆ ಕೊಟ್ಟು, ಹೋಗುವ ದಾರಿ ನೀಲಿ ಪೆನ್ನಲ್ಲಿ, ಬರುವ ದಾರಿ ಕೆಂಪು ಪೆನ್ನಲ್ಲಿ ತೆಗೆಸಿ. ಆಮೇಲೆ ಆ ದಾರಿಯನ್ನು "ಬಲಕ್ಕೆ 1 ಎಳೆ, ಬಲಕ್ಕೆ 1 ಬಿಡು, ಮೇಲೆ 1 ಎಳೆ" ಎಂದು ಮಾತಲ್ಲಿ ಬರೆಸಿ ಪಕ್ಕದವರ ಕೈಗೆ ಕೊಡಿಸಿ. ಅವರು ಚಿತ್ರ ನೋಡದೆ ಬರೀ ಮಾತಿನಿಂದ ತೆಗೆಯಬೇಕು. ಕವಲು ಬಂದಲ್ಲಿ ತುದಿತನಕ ಹೋಗಿ, ಮರಳಿ ಬಂದು, ಆಮೇಲೆ ಮುಂದಿನ ದಾರಿ ಹಿಡಿಯಬೇಕು. ಇಲ್ಲಿ ಮಕ್ಕಳು ಒಂದು ಹೆಜ್ಜೆ ಬರೆಯಲು ಮರೆತರೆ ಅಲ್ಲಿಂದ ಮುಂದಿನ ಎಳೆ-ಬಿಡು ಎಲ್ಲ ಅಡಿಮೇಲಾಗುತ್ತದೆ. ಮನೆಯಲ್ಲಿ ಅಮ್ಮ-ಅಜ್ಜಿಗೆ ಗೊತ್ತಿದ್ದರೆ ತಿದ್ದಿಸಿಕೊಂಡು ಬರಲಿ.

ಯಂತ್ರದ ಪಾಳಿ ಬಂದಾಗ ಇದೇ ದಾರಿಯನ್ನು ಕೆಟರ್ಟಲ್‌ನಲ್ಲಿ. ಆಜ್ಞೆ ಕೊಟ್ಟಂತೆ ಆಮೆ ನಡೆದು ಗೆರೆ ಎಳೆಯುವ ಹಗುರವಾದ ತಂತ್ರಾಂಶ, 2 ಜಿಬಿಯಲ್ಲೂ ನಡೆಯುತ್ತದೆ. ಪೆನ್‌ಡೌನ್, ಫಾರ್ವರ್ಡ್ 10, ಪೆನ್‌ಅಪ್, ಫಾರ್ವರ್ಡ್ 10, ಇದನ್ನು ರಿಪೀಟ್ 8. ನಂತರ ಟರ್ನ್‌ರೈಟ್ 180, ಮತ್ತೆ ಅದೇ ರಿಪೀಟ್ 8. ಕೊನೆಯ ಮನೆ ಬಿಟ್ಟದ್ದಾದ್ದರಿಂದ ಮರಳುವಾಗ ಮೊದಲ ಮನೆ ತಾನಾಗಿ ತುಂಬುತ್ತದೆ, ಒಂದಕ್ಷರ ಬದಲಿಸಬೇಕಿಲ್ಲ. 10ರ ಬದಲು 20 ಕೊಟ್ಟರೆ ಆಮೆ ಹಾಳೆಯಿಂದ ಹೊರಗೆ ಹೋಗುತ್ತದೆ: ಹಾಳೆ 400 ಅಗಲ, ಆಮೆ ನಡುವೆ ನಿಂತಿರುತ್ತದೆ, ಸಿಗುವುದು 200, ಬೇಕಾಗುವುದು 320.

ಕನ್ನಡ ಟೈಪಿಂಗ್‌ಗೆ ಕಗಪ ಎಂಬ ಕೀಲಿಮಣೆ ವಿನ್ಯಾಸವನ್ನೇ ಹಿಡಿಯಿರಿ. ನುಡಿ ತಂತ್ರಾಂಶದಲ್ಲಿರುವುದೂ ಅದೇ, ಸರ್ಕಾರ ಒಪ್ಪಿರುವುದೂ ಅದೇ. ಲಿನಕ್ಸ್‌ನಲ್ಲಿ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿದರೆ ಕನ್ನಡದ ಪಟ್ಟಿಯಲ್ಲಿ ಸಿಗುತ್ತದೆ. ಮಕ್ಕಳಿಗೆ ಫೋನ್ ಅಭ್ಯಾಸ ಇರುವುದರಿಂದ ಪ್ರತಿ ವ್ಯಂಜನದ ನಂತರ "ಎ" ಒತ್ತುತ್ತಾರೆ. ಇಲ್ಲಿ "ಕ" ಒಂದೇ ಕೀಲಿ, "ಅ"ಕಾರ ಅದರೊಳಗೇ ಇದೆ. ಮೊದಲ ದಿನ ಮೂರು ಜಿಲ್ಲೆಯ ಹೆಸರು ಸಾಕು. ವಿಜಯಪುರ: ವಿ, ಐ, ಜೆ, ವೈ, ಪಿ, ಯು, ಆರ್, ಏಳು ಕೀಲಿ, ಫೋನಿನ ಇಂಗ್ಲಿಷ್ ಕಾಗುಣಿತದಲ್ಲಿ ಹತ್ತು. ಬೆಳಗಾವಿಯಲ್ಲಿ "ಳ"ಕ್ಕೆ ಶಿಫ್ಟ್ ಜೊತೆ ಎಲ್, "ಗಾ"ಕ್ಕೆ ಶಿಫ್ಟ್ ಜೊತೆ ಎ. ಬಾಗಲಕೋಟೆಯಲ್ಲಿ "ಟ" ಇರುವುದು ಕ್ಯೂ ಕೀಲಿಯಲ್ಲಿ. ಮಕ್ಕಳು ಹುಡುಕಾಡುವುದು ಇಲ್ಲೇ. ಒತ್ತಕ್ಷರಕ್ಕೆ ಎಫ್: ಅಕ್ಕ ಅಂದರೆ ಎ, ಕೆ, ಎಫ್, ಕೆ.

ಒಂದು ಎಚ್ಚರಿಕೆ. ಹಳೆಯ ನುಡಿ ಕಡತಗಳು ಯೂನಿಕೋಡ್ ಅಲ್ಲ. ಅಕ್ಷರ ಕನ್ನಡದಂತೆ ಕಂಡರೂ ಒಳಗೆ ಇರುವುದು ಬೇರೆ ಚಿಹ್ನೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಲಸುಮೇಲೋಗರ. ಅದರಲ್ಲಿ ಕನ್ನಡ ಪದ ಹುಡುಕಲೂ ಆಗದು, ಅಕಾರಾದಿ ಜೋಡಿಸಲೂ ಆಗದು. ಕಚೇರಿಯಿಂದ ಬಂದ ಹಳೆಯ ಕಡತವನ್ನು ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಂದೇ ಮಕ್ಕಳಿಗೆ ಕೊಡಿ.

ಸುರಕ್ಷತೆಯ ಪಾಠಕ್ಕೆ ಇಂಟರ್ನೆಟ್ ಬೇಡ, ರಟ್ಟಿನ ಚೀಟಿ ಸಾಕು. ಚೀಟಿಗೆ ಒಂದರಂತೆ ಜಾಲತಾಣದ ವಿಳಾಸ ಬರೆಯಿರಿ. ಓದುವ ಕ್ರಮ: ಜೋಡಿ ಗೆರೆ (//) ದಾಟಿದ ಮೇಲೆ ಬರುವ ಮೊದಲ ಓರೆಗೆರೆಗೆ (/) ನಿಂತು, ಅಲ್ಲಿಂದ ಎಡಕ್ಕೆ ಓದಬೇಕು. ಆ ಗೆರೆಗೆ ತಾಗಿ "ಡಾಟ್ ಜಿಒವಿ ಡಾಟ್ ಇನ್" ಇದ್ದರೆ ಸರ್ಕಾರದ್ದು. "ಜಿಒವಿ" ಎಂಬುದು ಮುಂದೆಲ್ಲೋ ಬಂದು ತುದಿಗೆ ಬೇರೆ ಏನೋ ಇದ್ದರೆ ಅಲ್ಲ. ಇನ್ನೊಂದು ಕಟ್ಟು ಹಣದ ಚೀಟಿ: ದುಡ್ಡು ಪಡೆಯಲು ಯುಪಿಐ ಪಿನ್ ಎಂದೂ ಬೇಡ, ಪಿನ್ ಕೇಳಿತೆಂದರೆ ದುಡ್ಡು ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ (ಆ್ಯಪ್ ಸ್ಥಾಪಿಸುವ) ಕಡತ ಯಾವ ಯೋಜನೆಯ ಹೆಸರಲ್ಲಿದ್ದರೂ ಒತ್ತಬಾರದು. ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಈ ಅಂಕಿಯನ್ನು ಮನೆಯ ಗೋಡೆಗೆ ಬರೆಸಿ. ಲ್ಯಾಬಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಬ್ರೌಸರ್ "ಪಾಸ್‌ವರ್ಡ್ ಉಳಿಸಲೇ" ಎಂದರೆ ಬೇಡ ಎನ್ನಿ. ಮಿಂಟ್‌ನಲ್ಲಿ ಅತಿಥಿ ಸೆಶನ್ ತೆರೆದು ಮಾಡಿಸಿದರೆ ಲಾಗ್‌ಔಟ್ ಆದಾಗ ಎಲ್ಲ ಅಳಿಸಿಹೋಗುತ್ತದೆ.


ಇಂಡಿ ಲಿಂಬಿ

ಭಾಳ ಉಪಕಾರ ಆತು. ಬೀಪ್ ಹೊಡಿಯೂ ಎರಡರಾಗ ಒಂದು ರಬ್ಬರ್ ತಿಕ್ಕಿದ ಮ್ಯಾಲ ಚಾಲೂ ಆತು. ಇನ್ನೊಂದಕ್ಕ ಚಾಲೂ ರ್‍ಯಾಮ್ ಹಾಕಿದ್ರೂ ಬೀಪ್ ಹೋಗಲಿಲ್ಲ. ಅಕ್ಕೋರೆ, ಅತಿಥಿ ಸೆಶನ್‌ನಾಗ ಮಕ್ಕಳು ಕಬ್ಬಿನ ಲೆಕ್ಕ ಸೇವ್ ಮಾಡಿದ್ರ ಅದೂ ಹೋಗ್ತೈತೇನ್ರಿ?


ಇಳಕಲ್ ಅಕ್ಕೋರು

ಹೋಗುತ್ತದೆ. ಅತಿಥಿ ಸೆಶನ್ ಅರ್ಜಿಗೆ ಮಾತ್ರ. ಪಾಠಕ್ಕೆ "ತಂಡ1", "ತಂಡ2" ಎಂದು ಎರಡು ಖಾತೆ ಮಾಡಿ, ಇಬ್ಬರಿಗೂ ಆಡಳಿತದ ಅಧಿಕಾರ ಕೊಡಬೇಡಿ. ಕಡತದ ಹೆಸರು ತಂಡ, ಯಂತ್ರ, ತಾರೀಖು ಈ ಕ್ರಮದಲ್ಲಿ. "ಹೊಸದು", "ಹೊಸದು2" ಅಂತ ಇಟ್ಟರೆ ಮುಂದಿನ ವಾರ ಅವರಿಗೇ ಸಿಗುವುದಿಲ್ಲ.


ಖಡೇಬಜಾರ್ ರಿಪೇರಿ

ಆ ಎರಡನೇದ್ದರಾಗ ರ್‍ಯಾಮ್ ಸ್ಲಾಟ್ ಎರಡಿದ್ರ ಇನ್ನೊಂದರಾಗ ಹಾಕಿ ನೋಡ್ರಿ, ಒಂದೇ ಸ್ಲಾಟ್ ಸತ್ತಿರಬಹುದು. ಅದಕ್ಕೂ ಬಗ್ಗದಿದ್ರ ಬೋರ್ಡ್ ಹೋಗೈತಿ. ಅದರ ಎಸ್‌ಎಂಪಿಎಸ್ (ಕರೆಂಟ್ ಕೊಡೂ ಡಬ್ಬಿ), ಫ್ಯಾನ್, ರ್‍ಯಾಮ್ ಬಿಚ್ಚಿ ಉಳಿದ 7ಕ್ಕ ಇಟ್ಕೊಳ್ರಿ, ಅದರ 2 ಜಿಬಿ ಇನ್ನೊಂದಕ್ಕ ಕೂಡ್ತೈತಿ. ಮೂವರಂತೆ 7 ಯಂತ್ರಕ್ಕ 21 ಮಂದಿ ಆಗ್ತಾರ, ಉಳಿದ ಇಬ್ಬರಿಗೆ ಸ್ಕ್ರೂಡ್ರೈವರ್ ಕೊಟ್ಟು ಸತ್ತ ಡಬ್ಬಿ ಮುಂದ ಕೂಡಸ್ರಿ, ಒಳಗ ಏನೇನೈತಿ ಅಂತ ಚೀಟಿ ಹಚ್ಚಲಿ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ತೆಗೆದು ನಿಮ್ಮ ಕಪಾಟಿನ್ಯಾಗ ಇಡ್ರಿ, ಅದರೊಳಗಿನ ಕೆಪಾಸಿಟರ್ ಕರೆಂಟ್ ಕಿತ್ತ ಮ್ಯಾಲೂ ಶಾಕ್ ಹೊಡೀತೈತಿ.